ಟ್ರೇನರ್ ಬಟ್ಟಲು: ಟೇಲ್‌ಸ್ಟಾಕ್ ಕೊನೆಗೂ ನಿಂತಿತು

ನಿಂತಿತು! ಹಾಲೆ ಮರದ ತುಂಡಿನ ಮೂಲೆಗಳೆಲ್ಲ ಸವೆದು ದುಂಡಗಾಗುವವರೆಗೂ ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರದಲ್ಲಿ) ತುಂಡಿನ ಒಂದು ತುದಿಯನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ.

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೋಜರ್ ಟ್ರೇನರ್ ಅವರ ತೀರ್ಪುಗಳನ್ನು ಮರದಲ್ಲಿ ಕಡೆಯುವ ನನ್ನ ಸರಣಿಯ ಮೊದಲ ಬಟ್ಟಲು ಇದು. ಯೂಟಾದ ಗಣಿ ಊರು ಪಾರ್ಕ್ ಸಿಟಿಯಲ್ಲಿ 1900ರಲ್ಲಿ ಹುಟ್ಟಿದ ಅವರು ಬರ್ಕ್ಲಿಯಲ್ಲಿ ಕಾನೂನಿನ ಮೇಷ್ಟರಾಗಿದ್ದರು. 1940ರಲ್ಲಿ ಪೀಠಕ್ಕೆ ಬಂದರು, 1964ರಿಂದ 1970ರವರೆಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಅವರ 1963ರ ಗ್ರೀನ್‌ಮನ್ ತೀರ್ಪನ್ನು ಲೇತ್ ಹಿಡಿದವರೆಲ್ಲ ಓದಬೇಕು. ಹೆಂಡತಿ ಕ್ರಿಸ್‌ಮಸ್‌ಗೆ ಕೊಟ್ಟ ಶಾಪ್‌ಸ್ಮಿತ್ ಎಂಬ ಮರಗೆಲಸದ ಯಂತ್ರದಲ್ಲಿ ಗ್ರೀನ್‌ಮನ್ ಪಾನಪಾತ್ರೆಯೊಂದನ್ನು ಕಡೆಯುತ್ತಿದ್ದಾಗ ಮರ ಸಿಡಿದು ಹಣೆಗೆ ಬಡಿಯಿತು. ಸ್ಕ್ರೂಗಳ ಹಿಡಿತ ಸಾಲದೆ, ಮಾಮೂಲಿ ಕಂಪನಕ್ಕೇ ಟೇಲ್‌ಸ್ಟಾಕ್ ಸರಿದಿತ್ತು ಎಂದು ಪರಿಣತರು ಸಾಕ್ಷಿ ಹೇಳಿದರು.

ನನ್ನ ಲೇತ್‌ನದೂ ಅದೇ ಕಾಯಿಲೆ. ಚೌಕ ತುಂಡು ತಿರುಗಿದಾಗ ಅದುರುತ್ತದೆ, ಅದುರಿದಾಗ ಹಿಡಿತ ಸಡಿಲುತ್ತದೆ. ಬೋಲ್ಟನ್ನು ಇನ್ನಷ್ಟು ಬಿಗಿದರೆ ಅದರ ತಿರುಪಿನ ಎಳೆ (ಥ್ರೆಡ್) ಹರಿಯುತ್ತದೆ. ಗಟ್ಟಿ ಉಕ್ಕಿನದೆಂದು ಅಂಗಡಿಯವರು ಕೊಟ್ಟ ಬೋಲ್ಟ್ ಬೆಣ್ಣೆಯಂತಿತ್ತು. ಕೇಳಿದರೆ, ‘ದೂರು ಹೇಳುವ ಅವಧಿ ಮುಗಿದಿದೆ’ ಎಂದರು. ಮೊಕದ್ದಮೆಯಲ್ಲಿ ಗ್ರೀನ್‌ಮನ್ ವಿರುದ್ಧ ತಯಾರಕರು ಹೂಡಿದ್ದೂ ಇದೇ ವಾದ! ಟ್ರೇನರ್ ಅದನ್ನು ಒಪ್ಪಲಿಲ್ಲ. ಕೊಂಡವರು ಬಿಚ್ಚಿ ಪರೀಕ್ಷಿಸದೆ ಬಳಸುತ್ತಾರೆಂದು ಗೊತ್ತಿದ್ದೂ ಮಾರುಕಟ್ಟೆಗೆ ಬಿಟ್ಟ ವಸ್ತುವಿನಲ್ಲಿ ದೋಷವಿದ್ದು ಗಾಯವಾದರೆ ತಯಾರಕರೇ ಹೊಣೆ ಎಂದರು. 1944ರಲ್ಲಿ, ಪರಿಚಾರಿಕೆಯೊಬ್ಬರ ಕೈಯಲ್ಲಿ ಕೋಕಾ ಕೋಲಾ ಬಾಟಲಿ ಸಿಡಿದ ಎಸ್ಕೋಲಾ ಪ್ರಕರಣದಲ್ಲಿ ಟ್ರೇನರ್ ಒಬ್ಬರೇ ಬರೆದಿದ್ದ ಇದೇ ಮಾತನ್ನು ಹತ್ತೊಂಬತ್ತು ವರ್ಷಗಳ ನಂತರ ಇಡೀ ಪೀಠ ಒಪ್ಪಿತು. ಆ ತಾಳ್ಮೆಗೆ ನಾನು ಮಾರುಹೋಗಿದ್ದೇನೆ.

ದೋಷ ಬೋಲ್ಟಿನದು ಮಾತ್ರವಲ್ಲ. ಕೆಳಗಿನ ಹಿಡಿತದ ಪಟ್ಟಿ ಬಾಗಿತ್ತು, ಎರಡು ಅಂಚುಗಳಷ್ಟೇ ಲೇತ್‌ನ ಹಾಸನ್ನು (ಟೇಲ್‌ಸ್ಟಾಕ್ ಕೂರುವ ಉದ್ದನೆಯ ತಳವನ್ನು) ಮುಟ್ಟುತ್ತಿದ್ದವು. ಅರ ಹಾಕಿ ಸಮ ಮಾಡಿ, ಹಾಸಿನ ಎಣ್ಣೆಯನ್ನು ಪೂರ್ತಿ ಒರೆಸಿ, ದಪ್ಪ ವಾಷರ್ ಕೊಟ್ಟು, ಟೇಲ್‌ಸ್ಟಾಕಿನ ಬೆನ್ನಿಗೆ ಇನ್ನೊಂದು ಕ್ಲ್ಯಾಂಪ್ ಬಿಗಿದೆ. ಆದರೂ ಮುಖದ ಕವಚವಿಲ್ಲದೆ ಯಾರೂ ಸ್ವಿಚ್ ಒತ್ತಬೇಡಿ.

ಬಟ್ಟಲಿನ ಒಳಗನ್ನು ಕೊರೆಯುವುದು ಬಾಕಿಯಿದೆ, ಮನಸ್ಸು ಮಾತ್ರ ಆಗಲೇ ಪೆರೆಜ್ ತೀರ್ಪಿನತ್ತ ಓಡಿದೆ. ಬೇರೆ ಬೇರೆ ಜನಾಂಗದವರ ಮದುವೆಗೆ ಕ್ಯಾಲಿಫೋರ್ನಿಯಾದಲ್ಲಿದ್ದ ನಿಷೇಧವನ್ನು 1948ರಲ್ಲಿ ನಾಲ್ಕು–ಮೂರರ ಬಹುಮತದಲ್ಲಿ ಕಿತ್ತುಹಾಕಿದ ತೀರ್ಪು ಅದು. ಅದಕ್ಕೆ ಒಂದೇ ಮರದಿಂದ, ಅಂಟಿಲ್ಲದೆ, ಬಟ್ಟಲಿನ ಕಾಲಿನಂಥ ಕಾಂಡದ ಮೇಲೆ ಸಡಿಲವಾಗಿ ಸುತ್ತುವ ಎರಡು ಉಂಗುರಗಳು. ಒಳಬದಿ ಕೆರೆಯಲು ಕೊಕ್ಕೆ ಉಳಿ ಬೇಕು. ದಪ್ಪ ಅಲೆನ್ ಕೀ ಒಂದನ್ನು ಅರೆದು ನಾನೇ ಮಾಡಿಕೊಳ್ಳುತ್ತೇನೆ, ಆ ಅಂಗಡಿಗಂತೂ ಮತ್ತೆ ಹೋಗುವುದಿಲ್ಲ.