ದರ ಹೇಳುವ ಮೊದಲು ಕುಪ್ಪಸ ತಿರುವಿ ತೋರಿಸುತ್ತೇನೆ

ಮದುವೆ ಹಂಗಾಮು ಬಂತೆಂದರೆ ಹುಬ್ಬಳ್ಳಿಯ ಹೊಲಿಗೆ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಸುತ್ತದೆ: ‘ಒಂದು ಕುಪ್ಪಸಕ್ಕೆ ಇಷ್ಟೊಂದು ಕೂಲಿಯೇ, ಅಕ್ಕಾ?’ ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನೋಡುವುದು ಹೊರಮೈ. ದುಡಿಮೆಯೆಲ್ಲ ಇರುವುದು ಒಳಮೈಯಲ್ಲಿ.

ನನಗೆ ಹೊಲಿಗೆಯ ಹುಚ್ಚು ಹಿಡಿಸಿದ್ದು ಆಯಿಯ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಸಾಲು ಹಿಡಿದು ಹೊಲಿಯುತ್ತಿದ್ದಳು. ದಾರದ ಗಂಟನ್ನು ಪದರಗಳ ನಡುವೆ ಅಡಗಿಸುತ್ತಿದ್ದಳು, ಹೊದ್ದವರ ಮೈಗೆ ತಾಗಬಾರದೆಂದು. ಆಮೇಲೆ ಓಣಿಯವರ ಸೀರೆಗೆಲ್ಲ ಫಾಲ್ ಹಚ್ಚಿಕೊಟ್ಟೆ, ಗೆಳತಿಯರ ಲಂಗ ಹೊಲಿದೆ. ಯಾರೂ ದುಡ್ಡಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಬೆಲೆ ಕಟ್ಟಲು ನಾಲಿಗೆ ಏಳುವುದಿಲ್ಲ. ಅಂಗಡಿ ಇಟ್ಟ ಮೇಲೆ ಬಾಡಿಗೆ, ವಿದ್ಯುತ್ ಬಿಲ್ಲು, ಸಹಾಯಕಿಯ ಪಗಾರ ಬಂದು ನಿಂತಾಗ ಅದನ್ನು ಕಲಿಯಲೇಬೇಕಾಯಿತು.

ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣವನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆಗೆ ಅದು ಹೇಳಿ ಮಾಡಿಸಿದ ಜೋಡಿ. ಅಗಲ ಕಡಿಮೆ, ಬದಿಯಲ್ಲಿ ಅಂಚು. ಆ ಅಂಚು ಎರಡೂ ತೋಳುಗಳ ತುದಿಯಲ್ಲಿ ಒಂದೇ ಮಟ್ಟಕ್ಕೆ ಕೂರಬೇಕು, ಬುಟ್ಟಾ ತಲೆಕೆಳಗಾಗಬಾರದು, ಬೆನ್ನಿನ ಮೇಲಿನ ಸಾಲು ವಾಲಬಾರದು. ಕತ್ತರಿ ಆಡಿಸುವುದಕ್ಕಿಂತ ಹೆಚ್ಚು ಹೊತ್ತು ಸೀಮೆಸುಣ್ಣದ ಗುರುತು ಹಾಕಿ ಒರೆಸುವುದರಲ್ಲೇ ಹೋಗುತ್ತದೆ. ಇನ್ನು ಅಸ್ತರ, ಅಂದರೆ ಒಳಗೆ ಕೊಡುವ ಬಟ್ಟೆ. ಹತ್ತಿಯ ಅಸ್ತರವನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅಸ್ತರ ಕುಗ್ಗಿ, ಮೇಲಿನ ಖಣ ಸುಕ್ಕುಗಟ್ಟುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದಿಂಚಿಗೂ ಮಿಕ್ಕಿ ಬಟ್ಟೆ ಬಿಡಬೇಕು. ಕಂಕುಳಿನ ಬಳಿ ಎರಡು ಸಾಲು ಹೊಲಿಗೆ ಬೇಕು, ಕೈಯೆತ್ತಿದಾಗ ಜಗ್ಗುವುದು ಅಲ್ಲಿಯೇ. ಇದ್ಯಾವುದೂ ತೊಟ್ಟವರನ್ನು ನೋಡಿದರೆ ಕಾಣಿಸುವುದಿಲ್ಲ.

ಅದಕ್ಕೇ ಅಂಗಡಿಯಲ್ಲಿ ಎರಡು ಮಾದರಿ ಕುಪ್ಪಸ ಇಟ್ಟಿದ್ದೇನೆ. ಒಂದು ಅವಸರದ ಹೊಲಿಗೆಯದು, ಇನ್ನೊಂದು ನಾನು ಹೊಲಿಯುವ ಬಗೆಯದು. ಹೊರಗಿನಿಂದ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನ್ನೂ ತಿರುವಿ ಗಿರಾಕಿಯ ಕೈಗೆ ಕೊಡುತ್ತೇನೆ. ಮೊದಲನೆಯದರಲ್ಲಿ ಎಳೆ ಬಿಟ್ಟಿರುವ ಅಂಚು ಬೆರಳಿಗೆ ಸಿಗುತ್ತದೆ, ಎರಡನೆಯದರಲ್ಲಿ ಬೆರಳು ಸರಾಗವಾಗಿ ಜಾರುತ್ತದೆ. ದರ ಹೇಳುವುದು ಆಮೇಲೆ. ಚೌಕಾಶಿ ಪೂರ್ತಿ ನಿಂತಿತೆಂದಲ್ಲ, ಆದರೆ ಈಗ ಜನ ಕೂಲಿಯನ್ನು ಬಟ್ಟೆಯ ಬೆಲೆಯೊಂದಿಗೆ ತೂಗುವುದಿಲ್ಲ, ಕೆಲಸದೊಂದಿಗೆ ತೂಗುತ್ತಾರೆ.

ಒಳಮೈಗೆ ಇಷ್ಟು ಮರ್ಯಾದೆ ಕೊಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಧಾರವಾಡ ಭಾಗದ ಕಸೂತಿಯಲ್ಲಿ ಗವಂತಿ, ಮುರಗಿ ಹೊಲಿಗೆಗಳಿಗೆ ಹಿಂಬದಿಯೇ ಇಲ್ಲ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ತೆಗೆದ ಗೋಪುರ, ತೇರು ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ. ನಮ್ಮ ಹುಬ್ಬಳ್ಳಿಯದೇ ಆದ ಬೆಂಗೇರಿಯ ಖಾದಿ ಸಂಘದಲ್ಲಿ ಹೆಣ್ಣುಮಕ್ಕಳು ಸಿದ್ಧಪಡಿಸುವ ರಾಷ್ಟ್ರಧ್ವಜವೂ ಹಾಗೆಯೇ. ಉದ್ದ-ಎತ್ತರ 3:2 ಇರಬೇಕು, 24 ಗೆರೆಗಳ ಚಕ್ರ ಎರಡೂ ಬದಿಗೆ ಕರಾರುವಾಕ್ಕಾಗಿ ಕೂರಬೇಕು. ಬೆಂಗೇರಿ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ.

ಈ ಉದ್ಯೋಗಕ್ಕೆ ಇಳಿಯುವವರಿಗೆ ಸಾಲದ ದಾರಿಗಳಿವೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಸಿಗುತ್ತದೆ. ಆದರೆ ಯಂತ್ರ ಕೊಳ್ಳುವ ಮೊದಲು ಒಂದು ಕುಪ್ಪಸವನ್ನು ಗಡಿಯಾರ ನೋಡಿಕೊಂಡು ಹೊಲಿಯಿರಿ. ಅಸ್ತರ, ದಾರ, ಹುಕ್ಕು, ಕೈಹೊಲಿಗೆಯ ಹೊತ್ತು ಎಲ್ಲವನ್ನೂ ಬರೆದಿಡಿ. ನನ್ನ ಅಳತೆ ಪುಸ್ತಕದಲ್ಲಿ ಪ್ರತಿ ಗಿರಾಕಿಯ ಹೆಸರಿನ ಕೆಳಗೆ ಬಟ್ಟೆಯ ಚೂರೊಂದನ್ನು ಪಿನ್ನು ಹಾಕಿ ಸಿಕ್ಕಿಸಿರುತ್ತೇನೆ, ಪಕ್ಕದಲ್ಲಿ ಹಿಡಿದ ಹೊತ್ತು. ಮುಂದಿನ ಸಲ ಅಂಥದೇ ಬಟ್ಟೆ ಬಂದರೆ ದರ ಹೇಳಲು ತಡವರಿಸಬೇಕಿಲ್ಲ.

ಮದುವೆಯ ಖಣದ ಕುಪ್ಪಸ ಹೊಲಿಸಿಕೊಂಡು ಹೋದವಳು ಬಾಣಂತನ ಮುಗಿಸಿ ಅದನ್ನೇ ತಂದದ್ದುಂಟು, ಬಿಗಿಯಾಗಿದೆ ಎಂದು. ಪಕ್ಕದ ಹೊಲಿಗೆ ಬಿಚ್ಚಿದರೆ ಬಟ್ಟೆ ಇದ್ದೇ ಇತ್ತು. ಸಂಜೆಯೊಳಗೆ ಸಡಿಲಿಸಿ ಕೊಟ್ಟೆ. ಜೊತೆಗೆ ಬಂದಿದ್ದ ಅವಳ ಅತ್ತೆ ತಮ್ಮ ಎರಡು ಕುಪ್ಪಸಗಳ ಬಟ್ಟೆ ಕೊಟ್ಟು ಹೋದರು. ದರ ಕೇಳಿದರು, ಚೌಕಾಶಿ ಮಾಡಲಿಲ್ಲ.