ಮಗಳ ಹಣೆಯ ಕೆಂಪು ಮಚ್ಚೆ

ನನ್ನ ಮಗಳಿಗೆ ಹಣೆಯ ಬಲಭಾಗದಿಂದ ಕಣ್ಣಿನ ರೆಪ್ಪೆಯವರೆಗೆ ಕೆಂಪು ಮಚ್ಚೆ ಇದೆ. ಹುಟ್ಟುವಾಗಲೇ ಇತ್ತು. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಕೇಳಿದವರೆಲ್ಲ ಹೇಳುವುದು ಒಂದೇ: "ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿಗೆ ಹೊರಗೆ ಬಂದಿರಬೇಕು." ಹೆತ್ತವಳಿಗೆ ಈ ಮಾತು ಎಷ್ಟು ಚುಚ್ಚುತ್ತದೆ ಅಂತ ನನಗೆ ಗೊತ್ತು.

ಅವಳಿಗಿರುವುದು ಸ್ಟರ್ಜ್-ವೆಬರ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಇರುವ ರಕ್ತನಾಳಗಳ ತೊಂದರೆ. 20,000ದಿಂದ 50,000 ಮಕ್ಕಳಲ್ಲಿ ಒಬ್ಬರಿಗೆ ಇರಬಹುದು ಎಂಬ ಅಂದಾಜಿದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕೆಲವು ಜೀವಕೋಶಗಳಲ್ಲಿ ಮಾತ್ರ ಒಂದು ಜೀನ್ ಬದಲಾಗಿರುತ್ತದೆ. ಅದರ ಹೆಸರು ಜಿಎನ್‌ಎಕ್ಯೂ. 2013ರಲ್ಲಿ ಇದನ್ನು ಕಂಡುಹಿಡಿದರು. ಅಪ್ಪ ಅಮ್ಮನಿಂದ ಬಂದದ್ದಲ್ಲ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ಮಚ್ಚೆಯ ಹಾಗೆಯೇ ಮೆದುಳಿನ ಹೊದಿಕೆಯಲ್ಲೂ ಸರಿಯಾಗಿ ಬೆಳೆಯದ ರಕ್ತನಾಳಗಳಿರುತ್ತವೆ. ಅಲ್ಲಿ ರಕ್ತ ಸರಾಗವಾಗಿ ಹರಿಯುವುದಿಲ್ಲ, ಅಡಿಯ ಮೆದುಳು ಸೊರಗುತ್ತದೆ. ಹೆಚ್ಚಿನ ಮಕ್ಕಳಿಗೆ ಒಂದು ವರ್ಷ ತುಂಬುವ ಮೊದಲೇ ಫಿಟ್ಸ್ ಶುರುವಾಗುತ್ತದೆ. ಅವಳಿಗೆ ಎಡಗೈ ಅದುರುತ್ತಿತ್ತು. ಮಚ್ಚೆ ಬಲಕ್ಕೆ, ಕೈ ಎಡದ್ದು ಯಾಕೆ ಎಂದು ಅತ್ತೆ ಕೇಳಿದರು. ಬಲ ಮೆದುಳು ನಡೆಸುವುದು ಎಡ ಮೈಯನ್ನು, ಅಲ್ವಾ? ಮಂಗಳೂರಿನಲ್ಲಿ ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಚುಚ್ಚುವ ಮದ್ದು) ಹಾಕಿ ಎಂಆರ್‌ಐ ಮಾಡಿದಾಗ ಎಲ್ಲ ಸ್ಪಷ್ಟವಾಯಿತು. ಕೆಲವೊಮ್ಮೆ ಫಿಟ್ಸ್ ನಿಂತ ಮೇಲೂ ಆ ಕೈಗೆ ಶಕ್ತಿ ಬರಲು ದಿನಗಳೇ ಬೇಕಾಗುತ್ತವೆ. ಆಗ ಅವಳು ಚಮಚ ಹಿಡಿಯಲಾರದೆ ಅಳುತ್ತಾಳೆ. ನನಗೆ ನೋಡಲು ಆಗುವುದಿಲ್ಲ.

ಫಿಟ್ಸಿಗೆ ಲೆವೆಟಿರಾಸೆಟಾಮ್ ಕೊಡುತ್ತೇವೆ. ಜೊತೆಗೆ ಸಣ್ಣ ಪ್ರಮಾಣದ ಆಸ್ಪಿರಿನ್. "ಇದು ನನ್ನ ಹಾರ್ಟಿನ ಮಾತ್ರೆಯಲ್ವಾ?" ಎಂದು ಮಾವ ಗಾಬರಿಯಾದರು. ರಕ್ತ ಹೆಪ್ಪುಗಟ್ಟದಿರಲಿ ಎಂದೇ ಇವಳಿಗೂ ಕೊಡುವುದು. ಆದರೆ ಫ್ಲೂ, ಚಿಕನ್‌ಪಾಕ್ಸ್ ಬಂದಾಗ ಆಸ್ಪಿರಿನ್ ಮಕ್ಕಳಿಗೆ ಅಪಾಯ. ತಕ್ಷಣ ಡಾಕ್ಟರಿಗೆ ಫೋನ್ ಮಾಡಲೇಬೇಕು. ಎಷ್ಟು ಮದ್ದು ಕೊಟ್ಟರೂ ನಿಲ್ಲದ ಫಿಟ್ಸಿಗೆ ಆಪರೇಶನ್ ಇದೆ, ಕೆಟ್ಟ ಭಾಗವನ್ನು ಬೇರ್ಪಡಿಸುತ್ತಾರೆ. ನಮಗೆ ಈವರೆಗೆ ಅದು ಬೇಕಾಗಿಲ್ಲ. ಕಣ್ಣಿನ ಒತ್ತಡ ಜಾಸ್ತಿಯಾಗಿ ಗ್ಲಾಕೋಮಾ ಬರಬಹುದು, ಹಾಗಾಗಿ ಕಣ್ಣಿನ ತಪಾಸಣೆ ತಪ್ಪಿಸುವುದಿಲ್ಲ.

ನಮಗೆ ಹೆದರಿಕೆ ಜ್ವರದ್ದು. ಜ್ವರ ಬಂದರೆ, ಮೈಯಲ್ಲಿ ನೀರು ಕಡಿಮೆಯಾದರೆ ಫಿಟ್ಸ್ ಬರುವುದು ಹೆಚ್ಚು. ಮಳೆಗಾಲದಲ್ಲಿ ಊರಿಡೀ ಜ್ವರ. ಆಗ ಮನೆಯವರೆಲ್ಲ ಅವಳಿಗೆ ಗಂಜಿತಿಳಿ, ಬೊಂಡ ಕುಡಿಸುವುದರಲ್ಲೇ ಇರುತ್ತೇವೆ.

ಶಾಲೆಗೆ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿ ಬರೆದು ಕೊಟ್ಟಿದ್ದೇನೆ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಡಬೇಡಿ, ಅದರಿಂದ ಉಪಯೋಗವಿಲ್ಲ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಬ್ಯಾಗಿನಲ್ಲಿರುವ, ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹಾಕಿ, ಆಸ್ಪತ್ರೆಗೆ ಹೊರಡಿ. ಟೀಚರ್ ಅದನ್ನು ತರಗತಿಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ನಿಮ್ಮ ಮನೆಯಲ್ಲೂ ಹೀಗೆ ಹಣೆಯ ಮೇಲೆ ಕೆಂಪು ಮಚ್ಚೆ ಇರುವ ಮಗು ಹುಟ್ಟಿದ್ದರೆ, ಫಿಟ್ಸ್ ಬರಲಿ ಎಂದು ಕಾಯದೆ ಮಕ್ಕಳ ನರರೋಗದ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ತೋರಿಸಿ. ಚೀಟಿ ಬೇಕಾದವರು ಕೇಳಿ, ಎರಡೂ ಭಾಷೆಯದ್ದು ಕಳಿಸುತ್ತೇನೆ.