ಅಬ್‌ಸ್ಟ್ರ್ಯಾಕ್ಟ್ ಓದಿದ್ದೀನಿ ಮೇಡಂ

"ಇದನ್ನ ಪೂರ್ತಿ ಓದಿದ್ಯೇನಪ್ಪಾ?"

"ಅಬ್‌ಸ್ಟ್ರ್ಯಾಕ್ಟ್ ಓದಿದ್ದೀನಿ ಮೇಡಂ."

ಬೆಂಗಳೂರಿನ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ಹುಡುಗ. ಮೊನ್ನೆ ಎರಡನೇ ಅಧ್ಯಾಯ ತಂದಿದ್ದ. ಅದರಲ್ಲಿ ಉಲ್ಲೇಖಿಸಿದ್ದ ಒಂದು ಲೇಖನ ತೋರಿಸಿ ಕೇಳಿದ್ದೆ. ಅವನು ಓದಿದ್ದು ಅದರ ಆರಂಭದ ಪುಟ್ಟ ಸಾರಾಂಶ ಮಾತ್ರ. ಬಿಸಿಲಲ್ಲಿ ಕೆರೆ ಸುತ್ತಿ ಬಾಟಲಿಗೆ ನೀರು ತುಂಬಿಸಿಕೊಳ್ಳಲು ಬೇಸರವಿಲ್ಲ, ಕೂತು ಓದಲು ಮಾತ್ರ ಬೇಸರ.

ಅವನ ಸಾಹಿತ್ಯ ಸಮೀಕ್ಷೆಯಲ್ಲಿ, ಅಂದರೆ ಈ ವಿಷಯದ ಮೇಲೆ ಹಿಂದೆ ಬಂದ ಸಂಶೋಧನೆಗಳ ಅವಲೋಕನದಲ್ಲಿ, ಪ್ಯಾರಾಕ್ಕೊಬ್ಬ ಲೇಖಕ. ಇವರು ಹೀಗೆಂದರು, ಅವರು ಹಾಗೆಂದರು. ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದೇ ಇಲ್ಲ. ಪ್ಯಾರಾ ಪ್ರಶ್ನೆಯಿಂದ ಹುಟ್ಟಬೇಕು: ಕೆರೆಗೆ ಫಾಸ್ಫೇಟ್ ಎಲ್ಲಿಂದ ಬರುತ್ತಿದೆ? ಚರಂಡಿ ನೀರಿನಿಂದ ಎನ್ನುವವರು ಯಾರು, ತಳದ ಹೂಳಿನಿಂದ ಎನ್ನುವವರು ಯಾರು? ಜಗಳ ನಿಜವಾದದ್ದೋ, ಅಥವಾ ಒಬ್ಬರು ಬೇಸಿಗೆಯಲ್ಲಿ, ಇನ್ನೊಬ್ಬರು ಮಳೆಗಾಲದಲ್ಲಿ ಅಳೆದದ್ದಕ್ಕೆ ಬಂದದ್ದೋ? ಇದು ಅಬ್‌ಸ್ಟ್ರ್ಯಾಕ್ಟಿನಲ್ಲಿ ಸಿಗುವುದು ಅಪರೂಪ, ವಿಧಾನದ ಭಾಗದಲ್ಲಿರುತ್ತದೆ. ಹುಡುಗ ಕೆರೆಯಲ್ಲೇಳುವ ಬೇಸಿಗೆಯ ನೊರೆಗೆ ಸಾಕ್ಷಿಯಾಗಿ ತಂದಿದ್ದ ಲೇಖನದ ಸ್ಯಾಂಪಲ್‌ಗಳೆಲ್ಲ ಮಳೆಗಾಲದವು!

ಒಂದು ಎಕ್ಸೆಲ್ ಹಾಳೆ ಸಾಕು. ಸಾಲಿಗೊಂದು ಲೇಖನ, ಕಾಲಂಗಳಲ್ಲಿ ಪ್ರಶ್ನೆ, ಜಾಗ ಮತ್ತು ತಿಂಗಳು, ವಿಧಾನ, ಫಲಿತಾಂಶ, ಮಿತಿ. ಅಡ್ಡಡ್ಡ ಓದಿದರೆ ಲೇಖನ ತಿಳಿಯುತ್ತದೆ, ಕಾಲಂ ಹಿಡಿದು ಮೇಲಿನಿಂದ ಕೆಳಗೆ ಓದಿದರೆ ಸಮೀಕ್ಷೆ ಹುಟ್ಟುತ್ತದೆ. ಯಾರೂ ಅಳೆಯದ ತಿಂಗಳು ಅಲ್ಲೇ ಖಾಲಿ ಕಾಣುತ್ತದೆ.

ಅಬ್‌ಸ್ಟ್ರ್ಯಾಕ್ಟ್ ಓದಿದ್ದೀನಿ ಮೇಡಂ. ಹೇಳುವಾಗ ಅವನಿಗೆ ಕಿಂಚಿತ್ತೂ ಸಂಕೋಚವಿರಲಿಲ್ಲ. ಯಾಕಿರಬೇಕು? ಅವನ ತಲೆಬಿಸಿಯೆಲ್ಲ ಪ್ರಬಂಧದ ಎಷ್ಟು ಭಾಗ ಬೇರೆಯವರ ಬರಹಕ್ಕೆ ಹೋಲುತ್ತದೆ ಎಂಬ ಶೇಕಡಾವಾರಿನದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರ್ ನೋಡುವುದು ಪದಗಳ ಹೋಲಿಕೆಯನ್ನು. ಓದದೆ ಉಲ್ಲೇಖಿಸಿದ್ದು ಅದಕ್ಕೆ ಕಾಣುವುದಿಲ್ಲ. ನಾವು ಗೈಡುಗಳೂ ಕೊನೆಯ ಪುಟ ತಿರುವಿ "ರೆಫರೆನ್ಸ್ ಇನ್ನೂ ಸ್ವಲ್ಪ ಸೇರಿಸಿ" ಎನ್ನುವವರೇ. ಈಗಂತೂ ಎಐ ಕೇಳಿದಷ್ಟು ಕೊಡುತ್ತದೆ: ಎಷ್ಟೋ ಸಲ ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಎಲ್ಲೂ ಇಲ್ಲ. ಪ್ರತಿ ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆಯಾದ ಡಿಒಐಯನ್ನು ಬ್ರೌಸರಿನಲ್ಲಿ ತೆರೆದು, ಬಂದ ಶೀರ್ಷಿಕೆ ಪಟ್ಟಿಯಲ್ಲಿರುವುದೇನಾ ಎಂದು ನೋಡಲು ಅರ್ಧ ನಿಮಿಷ ಬೇಡ.

ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ಎಂಬ ಸಾಫ್ಟ್‌ವೇರ್ ಇದ್ದರೂ ಕಣ್ಣು ಬೇಕು, ಅದರಲ್ಲೂ ನಮ್ಮ ಕಡೆಯ ಹೆಸರುಗಳಿಗೆ. ಮಂಜುನಾಥ ಕೆ. ಆರ್. ಎಂದಿದ್ದರೆ ಕೊನೆಯ ಇನಿಷಿಯಲ್ಲೇ ಎಷ್ಟೋ ಸಲ ಕುಲನಾಮವಾಗಿ ಕೂತು, ವಾಕ್ಯದ ನಡುವೆ 'ಆರ್., 2016' ಎಂದು ಬರುತ್ತದೆ. ಕುಲನಾಮದ ಜಾಗಕ್ಕೆ ಮಂಜುನಾಥ, ಮೊದಲ ಹೆಸರಿನ ಜಾಗಕ್ಕೆ ಕೆ. ಆರ್. ಎಂದು ಕೈಯಾರೆ ತಿದ್ದಬೇಕು. ಹುಡುಗನ ಪಟ್ಟಿಯಲ್ಲಿ 'ಆರ್' ಮನೆತನದವರೇ ನಾಲ್ಕು ಜನ ಇದ್ದರು.